ನಾಗವಲ್ಲಿ ಎರಡನೇ ಸಲ ಬಂದಾಗ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸಕ್ಕೆ ದೆವ್ವದ ಸಿನಿಮಾ ಒಂದು ವಿಷಯವೇ ಎಂದು ಆಹ್ವಾನ ಪತ್ರಿಕೆ ನೋಡಿ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ನವರಂಗ್, ಪ್ರಸನ್ನ, ವೀರೇಶ್ ಇಂಥ ಚಿತ್ರಮಂದಿರಗಳ ಗಾಂಧಿ ಕ್ಲಾಸಿನಲ್ಲಿ ಕೂತು ಬೆಳೆದವರು ಸಿನಿಮಾ ಬಿಟ್ಟ ಮೇಲೆ ಮಾಗಡಿ ರಸ್ತೆಯುದ್ದಕ್ಕೂ ಆಡಿಕೊಂಡು ಹೋಗುತ್ತಿದ್ದ ಮಾತಿನಲ್ಲಿ ಒಳ್ಳೆಯ ವಿಮರ್ಶೆ ಇರುತ್ತಿತ್ತು. ಅದು ಅಚ್ಚಾಗಲಿಲ್ಲ, ಅಷ್ಟೇ. ಆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ತಕರಾರನ್ನು ಇವತ್ತು ಎತ್ತಿಕೊಂಡಿದ್ದೇನೆ: ‘ಮೊದಲನೇದೇ ಚೆನ್ನಾಗಿತ್ತು.’ ಜನ ಎದೆಗೆ ಹಚ್ಚಿಕೊಂಡ ಒಂದು ಚಿತ್ರಕ್ಕೆ ಮುಂದಿನ ಭಾಗ ಬಂದಾಗ ಅದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಉದಾಹರಣೆಗೆ ಒಂದೇ ಜೋಡಿಯನ್ನು ಹಿಡಿದುಕೊಂಡಿದ್ದೇನೆ. 2004ರ ‘ಆಪ್ತಮಿತ್ರ’ ಮತ್ತು 2010ರ ‘ಆಪ್ತರಕ್ಷಕ’. ಎರಡಕ್ಕೂ ನಿರ್ದೇಶಕರು ಪಿ. ವಾಸು, ನಾಯಕರು ವಿಷ್ಣುವರ್ಧನ್, ಸಂಗೀತ ಗುರುಕಿರಣ್ ಅವರದು. ಎರಡರಲ್ಲೂ ಸೇಡಿಗೆ ಕಾದಿರುವವಳು ನಾಗವಲ್ಲಿ.

ಮೊದಲಿಗೆ ಈ ಕಥೆಯ ವಂಶಾವಳಿ ನೋಡೋಣ. ಆಮೇಲೆ ಎರಡೂ ಚಿತ್ರಗಳಲ್ಲಿ ಸೇಡು ಹೇಗೆ ನಡೆಯುತ್ತದೆ ಎಂಬುದಕ್ಕೆ ಹೋಗೋಣ, ನನ್ನ ಮಾತಿನ ಹೆಚ್ಚಿನ ಪಾಲು ಅಲ್ಲೇ ಇದೆ. ಕೊನೆಯಲ್ಲಿ, ಈ ಚಿತ್ರಗಳನ್ನು ನಾವು ಯಾವ ಮನಸ್ಥಿತಿಯಲ್ಲಿ ನೋಡಿದೆವು ಎಂಬುದರ ಬಗ್ಗೆ ಸ್ವಲ್ಪ ಹೇಳುತ್ತೇನೆ.

ವಂಶಾವಳಿ. ‘ಆಪ್ತಮಿತ್ರ’ವನ್ನು ನಾವು ಮೂಲ ಅನ್ನುತ್ತೇವೆ, ಆದರೆ ಅದರ ಬೇರು ಕೇರಳದಲ್ಲಿದೆ. 1993ರಲ್ಲಿ ಫಾಸಿಲ್ ನಿರ್ದೇಶಿಸಿದ, ಮಧು ಮುಟ್ಟಂ ಬರೆದ ‘ಮಣಿಚಿತ್ರತ್ತಾಳ್’ ಅದರ ತಾಯಿ. ಅದರಲ್ಲಿ ಗಂಗೆಯಾಗಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಕಥೆ ಹನ್ನೊಂದು ವರ್ಷದ ಮೇಲೆ ಕನ್ನಡಕ್ಕೆ ಬಂದು, 2005ರಲ್ಲಿ ಇದೇ ವಾಸು ಅವರ ಕೈಯಲ್ಲಿ ರಜನಿಕಾಂತ್ ಅವರ ‘ಚಂದ್ರಮುಖಿ’ಯಾಗಿ ತಮಿಳಿಗೆ ಹೋಯಿತು. 2007ರಲ್ಲಿ ಪ್ರಿಯದರ್ಶನ್ ಅದನ್ನು ‘ಭೂಲ್ ಭುಲಯ್ಯಾ’ ಮಾಡಿದರು. ದೆವ್ವಕ್ಕೆ ಭಾಷೆ ಕೊಡುವಾಗ ಎಲ್ಲರೂ ಒಂದೇ ಜಾಣತನ ತೋರಿಸಿದ್ದಾರೆ, ಗಮನಿಸಿ. ಮಲಯಾಳಂನಲ್ಲಿ ಆಕೆ ತಮಿಳು ನರ್ತಕಿ, ಕನ್ನಡದಲ್ಲಿ ತೆಲುಗಿನವಳು, ಹಿಂದಿಯಲ್ಲಿ ಬಂಗಾಳದವಳು. ಮನೆಯ ಸೊಸೆಯ ಬಾಯಲ್ಲಿ ಇದ್ದಕ್ಕಿದ್ದಂತೆ ಪಕ್ಕದ ನಾಡಿನ ಮಾತು ಬಂದರೆ ಎದೆ ಝಲ್ಲೆನ್ನುತ್ತದೆ. ಪರಕೀಯವಾದದ್ದು ಎಷ್ಟು ಹತ್ತಿರದಲ್ಲಿದ್ದರೆ ಅಷ್ಟು ಭಯ.

ಮುಂದಿನ ಭಾಗದ ಸಂಗತಿಯೇ ಬೇರೆ. ಈ ಇಡೀ ಕುಟುಂಬದಲ್ಲಿ ಮೊದಲು ಎರಡನೇ ಕಂತು ಹುಟ್ಟಿದ್ದು ಕನ್ನಡದಲ್ಲಿ. ‘ಆಪ್ತರಕ್ಷಕ’ 2010ರ ಫೆಬ್ರವರಿ 19ರಂದು ತೆರೆಕಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವೆಂಕಟೇಶ್ ಅವರ ‘ನಾಗವಲ್ಲಿ’ಯಾಗಿ ತೆಲುಗಿಗೆ ಹೋಯಿತು. ಮಲಯಾಳಂನ ಡಾಕ್ಟರ್ ಸನ್ನಿ ‘ಗೀತಾಂಜಲಿ’ಯಲ್ಲಿ ಮರಳಿದ್ದು 2013ರಲ್ಲಿ, ಹಿಂದಿಯ ಎರಡನೇ ಭಾಗ 2022ರಲ್ಲಿ, ತಮಿಳಿನ ‘ಚಂದ್ರಮುಖಿ 2’ 2023ರಲ್ಲಿ. ಹಾಗಾಗಿ ‘ಮೂಲ ಗಟ್ಟಿ, ಮುಂದುವರಿಕೆ ಬರೀ ನಕಲು’ ಎಂಬ ಮಾಮೂಲಿ ತೀರ್ಪು ಇಲ್ಲಿ ತಲೆಕೆಳಗಾಗುತ್ತದೆ. ನಾವು ಪ್ರೀತಿಸಿದ್ದು ಸಾಲ ತಂದದ್ದನ್ನು, ಗೊಣಗಿದ್ದು ನಮ್ಮದೇ ಆದದ್ದರ ಮೇಲೆ. ಸ್ವಂತದ್ದು ಅನ್ನುವ ಕಾರಣಕ್ಕೆ ಅದಕ್ಕೆ ಹೆಚ್ಚು ಅಂಕ ಕೊಡಿ ಎಂದು ನಾನು ಹೇಳುವುದಿಲ್ಲ. ಯಾವುದು ಮೊದಲು ಬಂತು ಎಂಬುದರಿಂದ ಯಾವುದು ಮೇಲು ಎಂದು ಗೊತ್ತಾಗುವುದಿಲ್ಲ, ಅಷ್ಟು ಸಾಕು.

ಇನ್ನು ಸೇಡಿನ ವಿಷಯಕ್ಕೆ ಬರುತ್ತೇನೆ.

‘ಆಪ್ತಮಿತ್ರ’ದ ಕಥೆ ಇಲ್ಲಿರುವ ಎಲ್ಲರಿಗೂ ಬಾಯಿಪಾಠ. ಹಳೆಯ ಅರಮನೆಯೊಂದಕ್ಕೆ ದಂಪತಿ ವಾಸಕ್ಕೆ ಬರುತ್ತಾರೆ. ರಮೇಶ್ ಅರವಿಂದ್ ಗಂಡ, ಸೌಂದರ್ಯ ಹೆಂಡತಿ ಗಂಗಾ. ಬೀಗ ಹಾಕಿದ ಕೋಣೆ ತೆರೆಯುತ್ತದೆ. ಅನುಮಾನವೆಲ್ಲ ಪ್ರೇಮಾ ಮಾಡಿದ ಪಾತ್ರದ ಮೇಲೆ ಹೋಗುವಂತೆ ಕಥೆ ನಮ್ಮನ್ನು ನಡೆಸುತ್ತದೆ. ಮನೋವೈದ್ಯ ವಿಜಯ್ ಬಂದು, ನಾಗವಲ್ಲಿ ಗಂಗಾಳೇ ಎಂದು ಕಂಡುಹಿಡಿಯುತ್ತಾನೆ. ರಾಜನೊಬ್ಬ ಪ್ರಿಯಕರನನ್ನು ಕೊಂದು, ತನ್ನನ್ನೂ ಸುಟ್ಟ ಎಂಬ ನರ್ತಕಿಯ ಸಿಟ್ಟನ್ನು ಈ ಗೃಹಿಣಿಯ ಮನಸ್ಸು ತನ್ನದಾಗಿಸಿಕೊಂಡಿದೆ. ದುರ್ಗಾಷ್ಟಮಿಯಂದು ಸೇಡು ತೀರಬೇಕು. ಹಾಗಾದರೆ ಯಾರನ್ನು ಬಲಿ ಕೊಡುವುದು?

ಈ ಪ್ರಶ್ನೆಗೆ ಚಿತ್ರ ಕೊಡುವ ಉತ್ತರವನ್ನು ನಮ್ಮ ಜನಪ್ರಿಯ ಸಿನಿಮಾದ ಬಹಳ ಸೂಕ್ಷ್ಮವಾದ ಜಾಗಗಳಲ್ಲಿ ಒಂದು ಎಂದು ನಾನು ಎಣಿಸುತ್ತೇನೆ. ಡಾಕ್ಟರು ಆಕೆಗೆ ‘ನಿನ್ನ ಸೇಡು ಸುಳ್ಳು’ ಎಂದು ಹೇಳಹೋಗುವುದಿಲ್ಲ. ಆಕೆ ಸೇಡು ತೀರಿಸಿಕೊಳ್ಳಲು ಒಂದು ರಂಗಸ್ಥಳವನ್ನೇ ಕಟ್ಟಿಕೊಡುತ್ತಾನೆ. ಅವಿನಾಶ್ ಮಾಡಿದ ರಾಮಚಂದ್ರ ಆಚಾರ್ಯರ ಹೋಮ ಮಂಡಲವೇ ಆ ರಂಗ. ತಾನೇ ರಾಜನಾಗಿ ನಿಲ್ಲುತ್ತಾನೆ. ಸರಿಯಾದ ಗಳಿಗೆಯಲ್ಲಿ ಹಲಗೆ ತಿರುಗುತ್ತದೆ, ಮನುಷ್ಯನ ಜಾಗಕ್ಕೆ ಬೊಂಬೆ ಬರುತ್ತದೆ. ಆಕೆ ಬೊಂಬೆಯ ಮೇಲೆ ಸೇಡು ತೀರಿಸಿಕೊಂಡು ಹಗುರಾಗುತ್ತಾಳೆ. ನಾಟಕವೇ ಔಷಧಿ. ಆಚಾರ್ಯರು ಮಂತ್ರ ಹೇಳುತ್ತಾರೆ, ಡಾಕ್ಟರು ಮನಶ್ಶಾಸ್ತ್ರ ಹೇಳುತ್ತಾನೆ, ಇಬ್ಬರೂ ಒಂದೇ ಸೆಟ್ಟಿನಲ್ಲಿ ಕೆಲಸ ಮಾಡುತ್ತಾರೆ, ಯಾರೂ ಯಾರನ್ನೂ ಸೋಲಿಸುವುದಿಲ್ಲ.

ಇದಕ್ಕಿಂತ ಕಾಲು ಶತಮಾನ ಹಿಂದೆ, 1979ರಲ್ಲಿ, ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಅನಂತನಾಗ್ ಅವರ ಮೈಮೇಲೆ ಹೆಣ್ಣು ದೆವ್ವ ಬಂದಿತ್ತು. ಅಲ್ಲಿ ದೆವ್ವ ನಿಜ. ಬಿಡುಗಡೆ ಗುರು ರಾಘವೇಂದ್ರರ ಕೃಪೆಯಿಂದ. ಆ ಚಿತ್ರ ನೋಡಿ ಹೆದರಿದ ಅಪ್ಪ ಅಮ್ಮಂದಿರ ಮಕ್ಕಳು 2004ರಲ್ಲಿ ಡಾಕ್ಟರನ್ನು ಒಪ್ಪಿಕೊಂಡರು. ಆದರೆ ದೇವರನ್ನು ಬಿಟ್ಟುಕೊಡಬೇಕಾದ ಕಷ್ಟ ಅವರಿಗೆ ಬರಲಿಲ್ಲ. ಎರಡೂ ಬಾಗಿಲು ತೆರೆದಿಟ್ಟದ್ದು ‘ಆಪ್ತಮಿತ್ರ’ ಅಷ್ಟು ಮನೆಗಳಿಗೆ ಹೊಕ್ಕಿದ್ದಕ್ಕೆ ಒಂದು ಕಾರಣ.

ಇನ್ನೊಂದು ಕಾರಣ ಸೌಂದರ್ಯ ಅವರ ಮುಖ. ಗಂಡ ‘ಬೇಡ, ಹೋಗಬೇಡ’ ಅನ್ನುತ್ತಾನೆ, ಆ ಒಂದು ಮಾತಿಗೆ ಕಣ್ಣು ಬದಲಾಗುತ್ತದೆ, ದನಿ ಇಳಿಯುತ್ತದೆ, ಗಂಡನಿಗೆ ಎದುರಿರುವವಳು ಯಾರೆಂದೇ ತಿಳಿಯುವುದಿಲ್ಲ. ನಾಗವಲ್ಲಿಯನ್ನು ಹೊರಗೆ ಕರೆದದ್ದು ಒಂದು ‘ಬೇಡ’. ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಆ ಮಾತು ಕೇಳಿಸುತ್ತದೆ ಎಂದು ಲೆಕ್ಕ ಹಾಕಿದರೆ ಸಭೆಯಲ್ಲಿರುವ ಗಂಡಸರು ಸ್ವಲ್ಪ ಎಚ್ಚರದಿಂದ ಇರಬೇಕಾಗುತ್ತದೆ! ಸೌಂದರ್ಯ ಅಷ್ಟೊತ್ತಿಗೆ ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನು ನಿರ್ಮಿಸಿ, ನಟಿಸಿ, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ತಂದಿದ್ದರು. ಮುಳುಗುವ ಮನೆಯೊಳಗೆ ಗಟ್ಟಿಯಾಗಿ ನಿಂತ ಹೆಂಗಸಿನ ಪಾತ್ರ ಮಾಡಿದವರಿಗೆ, ಮನೆಯೊಳಗೇ ಮುಳುಗುವ ಹೆಂಗಸಿನ ಪಾತ್ರ ಕಷ್ಟವಾಗಲಿಲ್ಲ.

ಇದೊಂದು ರಹಸ್ಯದ ಚಿತ್ರ. ಒಂದು ಸಲ ಗುಟ್ಟು ಗೊತ್ತಾದರೆ ಮುಗಿಯಬೇಕಿತ್ತು. ಆದರೆ ಟಿವಿಯಲ್ಲಿ ಬಂದಾಗಲೆಲ್ಲ ಜನ ಕೂತು ನೋಡಿದರು, ಈಗಲೂ ನೋಡುತ್ತಾರೆ. ನಮಗೆ ಇದು ಹೊಸದಲ್ಲ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಬೆಳಗಿನ ತನಕ ಯಕ್ಷಗಾನದ ಆಟ ನೋಡಿದ ಜನ ನಾವು. ಇವತ್ತಿನ ವೇಷಧಾರಿ ಹೇಗೆ ಕುಣಿದ, ಯಾವ ಮಾತಿಗೆ ಯಾವ ಎದುರುಮಾತು ಕೊಟ್ಟ ಎಂಬುದೇ ಅಲ್ಲಿ ಮುಖ್ಯ. ಹಾಗಾಗಿ ‘ಆಪ್ತಮಿತ್ರ’ದ ಬಲ ಗುಟ್ಟಿನಲ್ಲಿ ಇರಲಿಲ್ಲ, ಗುಟ್ಟು ಬಯಲಾದ ಮೇಲೂ ಉಳಿಯುವ ಅಭಿನಯದಲ್ಲಿತ್ತು.

ಈಗ ‘ಆಪ್ತರಕ್ಷಕ’. ಇಲ್ಲಿ ನಾಗವಲ್ಲಿ ಒಂದು ವರ್ಣಚಿತ್ರವಾಗಿ ಬರುತ್ತಾಳೆ. ನೃತ್ಯ ಸ್ಪರ್ಧೆಯ ಬಹುಮಾನವಾಗಿ ಆ ಚಿತ್ರ ಒಂದು ಕೈ ಸೇರಿ, ಅಲ್ಲಿಂದ ಹೆಣ್ಣುಮಕ್ಕಳಿರುವ ಒಂದು ದೊಡ್ಡ ಮನೆಯನ್ನು ಸೇರುತ್ತದೆ. ಮನೆಯಲ್ಲಿ ಸರಿಯಿಲ್ಲದ ಸಂಗತಿಗಳು ನಡೆಯುತ್ತವೆ, ಭಾರೀ ಹಾವೊಂದು ಓಡಾಡುತ್ತದೆ. ಆಚಾರ್ಯರು ಡಾಕ್ಟರ್ ವಿಜಯ್ ಅವರನ್ನು ಕರೆಸುತ್ತಾರೆ. ವಿಮಲಾ ರಾಮನ್, ಸಂಧ್ಯಾ, ಭಾವನಾ, ಲಕ್ಷ್ಮೀ ಗೋಪಾಲಸ್ವಾಮಿ ಹೀಗೆ ನಟಿಯರ ದಂಡೇ ಇದೆ. ಯಾರ ಮೇಲೆ ನಾಗವಲ್ಲಿ ಬಂದಿದ್ದಾಳೆ ಎಂಬ ಆಟ ಮತ್ತೆ ಶುರುವಾಗುತ್ತದೆ.

ಇಲ್ಲೇ ಮೊದಲ ತೊಡಕು. ಪ್ರೇಕ್ಷಕನಿಗೆ ಆ ಆಟ ಕಲಿಸಿದ್ದೇ ಮೊದಲ ಚಿತ್ರ. ಅನುಮಾನಕ್ಕೆ ಎದುರಿಗೆ ನಿಲ್ಲಿಸಿದ ಹುಡುಗಿ ಖಂಡಿತ ಅವಳಲ್ಲ ಎಂದು ಮೊದಲ ಹತ್ತು ನಿಮಿಷದಲ್ಲೇ ನಮಗೆ ಗೊತ್ತು. ವಾಸು ಅವರಿಗೂ ಇದು ಗೊತ್ತಿದ್ದಿರಬೇಕು. ಅದಕ್ಕೇ ಭಯವನ್ನು ಒಳಗಿನಿಂದ ತೆಗೆದು ಹೊರಗೆ ಹರವಿದರು: ಚಿತ್ರಪಟ, ಹಾವು, ಕೋಟೆ. ಮೊದಲ ಚಿತ್ರದಲ್ಲಿ ಹೆದರಿಸಲು ಒಂದು ಮುಖ ಸಾಕಾಗಿತ್ತು. ಎರಡನೆಯದರಲ್ಲಿ ಹಾವನ್ನು ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ ಮಾಡಿಸಬೇಕಾಯಿತು. ಆ ಹಾವು 2010ರಲ್ಲೇ ಯಾರನ್ನೂ ಹೆಚ್ಚು ಹೆದರಿಸಿರಲಾರದು, ಈಗಂತೂ ಮಕ್ಕಳು ನಗುತ್ತಾರೆ.

ಎರಡನೇ ತೊಡಕು ಇನ್ನೂ ಆಳದ್ದು, ಚಿತ್ರದ ಅತ್ಯಂತ ಧೈರ್ಯದ ಕಲ್ಪನೆಯೂ ಅದೇ. ರಾಜ ವಿಜಯ ರಾಜೇಂದ್ರ ಬಹದ್ದೂರ್ ಸತ್ತಿಲ್ಲ. ನೂರು ದಾಟಿದ ವಯಸ್ಸಿನಲ್ಲೂ ಬದುಕಿದ್ದಾನೆ. ಹಾಗಾದಾಗ ಏನಾಯಿತು ನೋಡಿ. ಮೊದಲ ಚಿತ್ರದಲ್ಲಿ ಸೇಡಿಗೆ ಗುರಿಯೇ ಇರಲಿಲ್ಲ, ಅದಕ್ಕೇ ಬೊಂಬೆ ಬೇಕಾಯಿತು, ನಾಟಕ ಬೇಕಾಯಿತು, ಮನಸ್ಸಿನ ಕತ್ತಲೆಗೆ ಇಳಿಯಬೇಕಾಯಿತು. ಎರಡನೆಯದರಲ್ಲಿ ಗುರಿಗೆ ರಕ್ತಮಾಂಸ ಬಂದಿದೆ. ಬೊಂಬೆ ಸುಟ್ಟರೆ ಸಾಲದು, ನಿಜವಾದ ರಾಜನನ್ನೇ ಎದುರಿಸಬೇಕು. ಮನೋವೈದ್ಯ ಪತ್ತೇದಾರನಾಗುತ್ತಾನೆ, ಆಮೇಲೆ ಯೋಧನಾಗುತ್ತಾನೆ. ಚಿಕಿತ್ಸೆ ಕಾಳಗವಾಗುತ್ತದೆ. ‘ಇದು ಕಾಯಿಲೆಯೋ, ದೆವ್ವವೋ’ ಎಂದು ಮೊದಲ ಚಿತ್ರ ತೆರೆದಿಟ್ಟಿದ್ದ ಬಾಗಿಲನ್ನು ಎರಡನೆಯದು ಧಡಾರನೆ ಮುಚ್ಚಿತು.

ಇದಕ್ಕೆ ಬೀಜ ‘ಆಪ್ತಮಿತ್ರ’ದಲ್ಲೇ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಮಲಯಾಳಂನಲ್ಲಿ ಮೋಹನ್‌ಲಾಲ್ ಕೇವಲ ವೈದ್ಯ. ಗಂಗೆಯ ಕಣ್ಣಿಗೆ ನರ್ತಕಿಯನ್ನು ಕೊಂದ ಕ್ರೂರ ಕಾರಣವರಂತೆ, ಅಂದರೆ ಮನೆತನದ ಹಿರಿಯನಂತೆ, ಕಾಣುವವನು ಅವಳ ಗಂಡ. ಹೆಂಡತಿಯ ಸೇಡು ಗಂಡನ ಕತ್ತಿನ ಕಡೆಗೇ ಹೋಗುತ್ತದೆ, ಅದರಲ್ಲಿ ಭಯಂಕರವಾದ ಒಂದು ಸತ್ಯವಿದೆ. ವಾಸು ಕನ್ನಡಕ್ಕೆ ತರುವಾಗ ರಾಜನ ಮೈಯನ್ನು ನಾಯಕನಟನಿಗೆ ಕೊಟ್ಟರು. ಗುಣಪಡಿಸುವವನಿಗೂ ಗಾಯ ಮಾಡಿದವನಿಗೂ ಒಂದೇ ಮುಖ. ತಾರೆಯ ಅಭಿಮಾನಿಗಳಿಗೆ ಇದು ಹಬ್ಬ. ಆದರೆ ಕಥೆಯ ತೂಕ ಸದ್ದಿಲ್ಲದೆ ಹೆಂಗಸಿನಿಂದ ಗಂಡಸಿನ ಕಡೆಗೆ ವಾಲಿತು. 2004ರಲ್ಲಿ ಸೌಂದರ್ಯ ಇದ್ದುದರಿಂದ ವಾಲಿದ್ದು ಕಾಣಲಿಲ್ಲ. 2010ರಲ್ಲಿ ಅದನ್ನು ಸರಿದೂಗಿಸುವ ನಟಿಗೆ ಅಷ್ಟು ಜಾಗವನ್ನೇ ಚಿತ್ರಕಥೆ ಕೊಡಲಿಲ್ಲ. ನಾಗವಲ್ಲಿಯನ್ನು ಚೌಕಟ್ಟಿನೊಳಗೆ ಕೂರಿಸಿ ಗೋಡೆಗೆ ತೂಗುಹಾಕಿದರು.

ಮುಂದಿನ ಭಾಗವೊಂದನ್ನು ಅಳೆಯಲು ನಾನು ಬಳಸುವ ಅಳತೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ‘ಮೊದಲಿನಷ್ಟು ಚೆನ್ನಾಗಿದೆಯೇ’ ಎಂದು ನಾನು ಕೇಳುವುದಿಲ್ಲ, ಆ ಪ್ರಶ್ನೆಗೆ ನೆನಪು ಯಾವಾಗಲೂ ಮೋಸದ ಸಾಕ್ಷಿ ಹೇಳುತ್ತದೆ. ಮೊದಲ ಚಿತ್ರ ಯಾರಿಗೆ ಬಾಕಿ ಉಳಿಸಿತ್ತು, ಎರಡನೆಯದು ಅದನ್ನು ತೀರಿಸಿತೇ ಎಂದು ಕೇಳುತ್ತೇನೆ. ‘ಆಪ್ತಮಿತ್ರ’ ಗಂಗಾಳಿಗೆ ಬಾಕಿ ಉಳಿಸಲಿಲ್ಲ, ಆಕೆ ಗುಣವಾದಳು. ಬಾಕಿ ಇದ್ದದ್ದು ನಾಗವಲ್ಲಿಗೆ. ಒಬ್ಬ ನರ್ತಕಿಯನ್ನು ಒಬ್ಬ ರಾಜ ಸುಟ್ಟ, ಅದಕ್ಕೆ ಯಾರೂ ಲೆಕ್ಕ ಕೊಡಲಿಲ್ಲ. ನಮಗೆ ಸಮಾಧಾನವಾದದ್ದು ಬೊಂಬೆ ಸುಟ್ಟದ್ದಕ್ಕೆ. ಈ ದೃಷ್ಟಿಯಿಂದ ರಾಜನನ್ನು ಬದುಕಿಸಿ ತಂದ ‘ಆಪ್ತರಕ್ಷಕ’ದ ಹೆಜ್ಜೆ ಸರಿಯಾದದ್ದೇ. ಅಪರಾಧಿಯನ್ನು ಕರೆತಂದರಲ್ಲ, ಇನ್ನು ವಿಚಾರಣೆಯಾಗುತ್ತದೆ ಎಂದು ನಾವು ಕಾಯುತ್ತೇವೆ. ಆದರೆ ವಿಚಾರಣೆಯಲ್ಲಿ ದೂರುದಾರಳಿಗೆ ಮಾತೇ ಇಲ್ಲ. ಒಬ್ಬನೇ ನಟನ ಎರಡು ಪಾತ್ರಗಳು ಎದುರುಬದುರು ನಿಂತು ಎಲ್ಲವನ್ನೂ ಇತ್ಯರ್ಥ ಮಾಡಿಬಿಡುತ್ತವೆ. ಅವಳ ಸೇಡನ್ನು ಅವಳ ಕೈಯಿಂದ ಕಿತ್ತುಕೊಂಡದ್ದು ಈ ಚಿತ್ರದ ದೊಡ್ಡ ಲೋಪ ಎಂದು ನನ್ನ ತೀರ್ಪು.

ಹಾಗೆಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ, ಏಕೆಂದರೆ ರಾಜನ ಪಾತ್ರ ಇದೆ. ಆ ‘ಹೌಲಾ ಹೌಲಾ’ ಎನ್ನುವ ನಗೆ, ದನಿಯಲ್ಲಿ ಬೆರೆತ ಅಹಂಕಾರ ಮತ್ತು ಮುಪ್ಪು, ಸಾಯಲೊಪ್ಪದ ಹಟ ವಿಷ್ಣುವರ್ಧನ್ ಅವರಿಗೆ ಮಾತ್ರ ಸಾಧ್ಯವಾದದ್ದು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ರಾಮಾಚಾರಿಯಾಗಿ ಬುಸುಗುಟ್ಟಿದ ಹುಡುಗನೇ ಮುದುಕನಾಗಿ, ಅಧಿಕಾರ ಸಿಕ್ಕು, ಕೆಟ್ಟುಹೋಗಿದ್ದರೆ ಹೀಗೇ ಇರುತ್ತಿದ್ದನೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಡುವಿನ ದಶಕಗಳಲ್ಲಿ ತ್ಯಾಗಮಯಿ ಅಣ್ಣನಾಗಿ, ಯಜಮಾನನಾಗಿ ಅವರನ್ನು ಪದೇ ಪದೇ ಬಳಸಿದ ನಮ್ಮ ಉದ್ಯಮ, ಅವರೊಳಗೆ ಇಂಥ ಖಳನಿದ್ದಾನೆ ಎಂದು ಕಂಡುಕೊಂಡದ್ದು ತಡವಾಗಿ. ‘ಆಪ್ತಮಿತ್ರ’ದಲ್ಲಿ ಮಿಂಚಿ ಮರೆಯಾಗುತ್ತಿದ್ದ ರಾಜ ಇಲ್ಲಿ ಪೂರ್ತಿ ಪಾತ್ರವಾಗಿದ್ದಾನೆ. ಈ ಒಂದು ವಿಷಯದಲ್ಲಿ ಎರಡನೆಯದು ಮೊದಲನೆಯದನ್ನು ಮೀರಿದೆ.

ಹಾಸ್ಯ, ಹಾಡುಗಳ ಬಗ್ಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಗುರುಕಿರಣ್ ಅವರ ಮೊದಲ ಚಿತ್ರದ ಹಾಡುಗಳು ಇನ್ನೂ ಆರ್ಕೆಸ್ಟ್ರಾಗಳಲ್ಲಿ ಬದುಕಿವೆ. ಹಾಸ್ಯದಲ್ಲಿ ಅಲ್ಲಿ ದ್ವಾರಕೀಶ್, ಇಲ್ಲಿ ಕೋಮಲ್. ದ್ವಾರಕೀಶ್ ‘ಆಪ್ತಮಿತ್ರ’ದ ನಿರ್ಮಾಪಕರೂ ಹೌದು. ‘ಕಳ್ಳ ಕುಳ್ಳ’ದ ಕಾಲದ ಗೆಳೆಯರು ಬಹುಕಾಲ ದೂರವಿದ್ದು ಮತ್ತೆ ಕೂಡಿದ ಚಿತ್ರ ಅದು, ಸೋತು ಸುಣ್ಣವಾಗಿದ್ದ ನಿರ್ಮಾಪಕನನ್ನು ಎತ್ತಿ ನಿಲ್ಲಿಸಿದ ಚಿತ್ರ. ಶೀರ್ಷಿಕೆಯ ಮಿತ್ರ ಯಾರು ಎಂದು ಅಂದು ಗಾಂಧಿನಗರದಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಕೊನೆಯ ಭಾಗಕ್ಕೆ ಬರುತ್ತೇನೆ. ಇದು ಚಿತ್ರದ ಹೊರಗಿನದು, ಆದರೆ ತೀರ್ಪಿನ ಒಳಗೆ ನುಸುಳಿದ್ದು. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ಆಪ್ತಮಿತ್ರ’ ಬಿಡುಗಡೆಯಾದದ್ದು ಆಗಸ್ಟ್ 27ರಂದು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡರು. ‘ಆಪ್ತರಕ್ಷಕ’ ಬಂದದ್ದು ಅದಾಗಿ ಎರಡು ತಿಂಗಳೂ ತುಂಬುವ ಮೊದಲೇ. ನಾಗವಲ್ಲಿಯೇ ಇಬ್ಬರನ್ನೂ ಬಲಿ ತೆಗೆದುಕೊಂಡಳು ಎಂಬ ಮಾತು ಹಬ್ಬಿತು, ಈಗಲೂ ಹಬ್ಬುತ್ತಿದೆ. ವಿಮಾನ ಬಿದ್ದದ್ದಕ್ಕೂ ಹೃದಯ ನಿಂತದ್ದಕ್ಕೂ ಒಂದು ಪಾತ್ರವನ್ನು ಹೊಣೆ ಮಾಡುವುದು, ಆ ಪಾತ್ರಗಳನ್ನು ಕಟ್ಟಲು ಆ ಇಬ್ಬರು ಪಟ್ಟ ಶ್ರಮಕ್ಕೆ ಮಾಡುವ ಅಪಚಾರ. ಮನೋವೈದ್ಯನನ್ನು ನಾಯಕನಾಗಿಸಿದ ಚಿತ್ರವನ್ನು ಮೆಚ್ಚಿದ ಜನರೇ ಇದನ್ನು ನಂಬಿದರು ಎಂಬುದು ಬೇರೆ ಮಾತು.

ನಾನು ಹೇಳಬೇಕಾದದ್ದು ಬೇರೆ. ಎರಡೂ ಚಿತ್ರಗಳನ್ನು ನಾವು ಸೂತಕದಲ್ಲಿ ನೋಡಿದೆವು. ಸತ್ತವಳ ಕಣ್ಣು ತೆರೆಯ ಮೇಲೆ ಹೊಳೆಯುವಾಗ ಭಯಕ್ಕಿಂತ ದುಃಖ ದೊಡ್ಡದಿತ್ತು. 2010ರಲ್ಲಿ ಸಾಯಲೊಪ್ಪದ ರಾಜನನ್ನು ನೋಡುವಾಗ ಇನ್ನೂ ವಿಚಿತ್ರ ಅನುಭವ: ಖಳನಾಯಕ ಸಾಯಬಾರದೆಂದು ಇಡೀ ಚಿತ್ರಮಂದಿರ ಹಾರೈಸುತ್ತಿತ್ತು. ಸೇಡಿನ ಕಥೆಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ‘ಆಪ್ತರಕ್ಷಕ’ ಗೆದ್ದದ್ದು ಶೋಕದಿಂದ, ಕಥೆ ಕೆಟ್ಟದ್ದು ಗಮನಕ್ಕೆ ಬರಲಿಲ್ಲ ಎನ್ನುವವರಿದ್ದಾರೆ. ಅರ್ಧ ಸತ್ಯ. ಶೋಕದ ರಿಯಾಯಿತಿ ಸಿಗುವುದಾದರೆ ‘ಆಪ್ತಮಿತ್ರ’ಕ್ಕೂ ಸಿಕ್ಕಿತ್ತು. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಆ ಭಾರ ಇದೆ, ಹಾಗಾಗಿ ಎರಡನ್ನೂ ತೆಗೆದಿಟ್ಟು ತೂಗಬಹುದು. ಸೌಂದರ್ಯ ಬದುಕಿದ್ದಿದ್ದರೂ ‘ಆಪ್ತಮಿತ್ರ’ದ ಗಂಗಾ ನಿಲ್ಲುತ್ತಿದ್ದಳು. ವಿಷ್ಣುವರ್ಧನ್ ಬದುಕಿದ್ದಿದ್ದರೆ ‘ಆಪ್ತರಕ್ಷಕ’ದ ರಾಜ ನಿಲ್ಲುತ್ತಿದ್ದ, ಚಿತ್ರ ಅಷ್ಟಾಗಿ ನಿಲ್ಲುತ್ತಿರಲಿಲ್ಲ.

ರಾಜಾಜಿನಗರದಿಂದ ಕೆಂಗೇರಿವರೆಗಿನ ಈ ಭಾಗದ ಜನಕ್ಕೆ ಈ ಸೂತಕ ದೂರದ ಮಾತಲ್ಲ. ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೋದಲ್ಲಿ, ಹಾಸ್ಯನಟ ಬಾಲಕೃಷ್ಣ ಕಟ್ಟಿದ ಜಾಗ. ಸ್ಮಾರಕ ಎಲ್ಲಿ ಎಂಬ ಜಗ್ಗಾಟ ವರ್ಷಗಟ್ಟಲೆ ನಡೆದು, ಮೈಸೂರಿನಲ್ಲಿ ಸರ್ಕಾರಿ ಸ್ಮಾರಕ ಉದ್ಘಾಟನೆಯಾದದ್ದು 2023ರ ಜನವರಿಯಲ್ಲಿ. ಕೆಂಗೇರಿಯ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮ ಮಾಡಲಾಯಿತು.

ಈ ನಡುವೆ 2016ರಲ್ಲಿ ಇನ್ನೊಂದು ಚಿತ್ರ ಬಂತು. ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’. ಹೆಸರು ಮಾತ್ರ ಪುಟ್ಟಣ್ಣನವರದ್ದು, ಕಥೆ ಸೇಡಿನ ಹಾವಿನದು. ಅದರಲ್ಲಿ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರ್ ಗ್ರಾಫಿಕ್ಸಿನಿಂದ ಮರುಸೃಷ್ಟಿಸಿ ತೆರೆಯ ಮೇಲೆ ನಡೆಸಿದರು. ತೀರಿಹೋದ ನಟನ ಮುಖ, ಮೈಕಟ್ಟು, ಗತ್ತು ಎಲ್ಲವೂ ಇತ್ತು. ಅಭಿಮಾನಿಗಳು ಶಿಳ್ಳೆ ಹೊಡೆದರು. ಆದರೆ ‘ಆಪ್ತರಕ್ಷಕ’ದ ಕೃತಕ ಹಾವಿನ ಮುಂದೆ ನಿಂತು ನಟಿಸಿದ ಮನುಷ್ಯ ಆರು ವರ್ಷದ ಮೇಲೆ ತಾನೇ ಅದೇ ತಂತ್ರದ ಸರಕಾಗಿದ್ದರು. ಉತ್ತರಭಾಗಗಳನ್ನು ಮೂಲದ ಜೊತೆ ತೂಗುವ ಕೆಲಸ ಇನ್ನು ಮುಂದೆ ಸುಲಭವಿಲ್ಲ. 2022ರ ‘ಕಾಂತಾರ’ಕ್ಕೆ 2025ರಲ್ಲಿ ಹಿಂದಿನ ಕಥೆ ಬಂದಾಗ ಅದೇ ನಟ ಮೈಯೊಡ್ಡಿ ಕುಣಿದದ್ದರಿಂದ ನಮಗೆ ತಕರಾರು ಮಾಡಲು ಒಬ್ಬ ಮನುಷ್ಯನಾದರೂ ಎದುರಿಗಿದ್ದ. ನಟನೇ ಇಲ್ಲದೆ ಅವನ ಮುಖದಿಂದ ಮೂರನೇ ಭಾಗ ತೆಗೆದರೆ ಯಾರ ಅಭಿನಯವನ್ನು ಮೆಚ್ಚಬೇಕು, ಯಾರನ್ನು ತೆಗಳಬೇಕು ಎಂಬುದಕ್ಕೆ ನಮ್ಮ ವಿಮರ್ಶೆಯಲ್ಲಿ ಇನ್ನೂ ಮಾತು ಹುಟ್ಟಿಲ್ಲ.

ಪ್ರಶ್ನೆಗಳಿಗೆ ಸಮಯವಿದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ‘ಆಪ್ತರಕ್ಷಕ’ವೇ ಮೇಲು ಎನ್ನುವವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ, ಮೊದಲ ಅವಕಾಶ ನಿಮ್ಮದು.